ಗಾನಯಂತ್ರದ ಕಲ್ಪನೆ: ಮಾನ್ಯಖೇಟದ ಪ್ರಸ್ತಾರದಿಂದ ವಿಜ್ಞಾನ ಕಾದಂಬರಿಯವರೆಗೆ

1. ಪ್ರವೇಶ

ಸಂಗೀತಗಾರನನ್ನು ಕೇಂದ್ರವಾಗಿಟ್ಟುಕೊಂಡ ಕಾದಂಬರಿಗಳು ಕನ್ನಡಕ್ಕೆ ಹೊಸವಲ್ಲ. ತ.ರಾ.ಸು. ಅವರ ‘ಹಂಸಗೀತೆ’, ಎಸ್.ಎಲ್. ಭೈರಪ್ಪ ಅವರ ‘ಮಂದ್ರ’ ಈ ಬಗೆಯ ಕೃತಿಗಳಲ್ಲಿ ಎದ್ದು ಕಾಣುವಂಥವು. ವಿಜ್ಞಾನವನ್ನು ವಸ್ತುವನ್ನಾಗಿ ಮಾಡಿಕೊಂಡ ಕಾದಂಬರಿಗಳ ಪರಂಪರೆಯೂ ನಮ್ಮಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ವಿಜ್ಞಾನಿಯ ಹುಡುಕಾಟವನ್ನು ಮಲೆನಾಡಿನ ಬದುಕಿನೊಳಗೆ ಇಳಿಸಿತು. ರಾಜಶೇಖರ ಭೂಸನೂರಮಠ ಮತ್ತು ಮನು ಅವರು ವೈಜ್ಞಾನಿಕ ಕಲ್ಪನೆಯ ಕಥನವನ್ನು ಕನ್ನಡ ಓದುಗರಿಗೆ ಪರಿಚಿತಗೊಳಿಸಿದರು. ಆದರೆ ಈ ಎರಡು ಧಾರೆಗಳು ಬಹುಮಟ್ಟಿಗೆ ಪ್ರತ್ಯೇಕವಾಗಿಯೇ ಹರಿದಿವೆ. ಸಂಗೀತದ ಕಾದಂಬರಿ ಗುರು, ಶಿಷ್ಯ, ಸಾಧನೆ, ಪತನಗಳ ಕಡೆಗೆ ಮುಖಮಾಡಿದೆ. ವಿಜ್ಞಾನದ ಕಾದಂಬರಿ ಜೀವವಿಕಾಸ, ಬಾಹ್ಯಾಕಾಶ, ಅನ್ಯಗ್ರಹಗಳ ಕಡೆಗೆ. ಹಾಡುವ ಯಂತ್ರ ಅಥವಾ ರಾಗವನ್ನು ಕಟ್ಟುವ ಕೃತಕ ಬುದ್ಧಿಮತ್ತೆ ಇವೆರಡರ ಸಂಗಮದಲ್ಲಿ ನಿಲ್ಲಬೇಕಾದ ವಸ್ತು.

ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ವಸ್ತು ಆಗಲೇ ಕಾದಂಬರಿಯಾಗಿದೆ. ಆ ಕೃತಿಗಳನ್ನು ನಾವು ಹೇಗೆ ಓದಬೇಕು, ಕನ್ನಡದಲ್ಲಿ ಅಂಥ ಕೃತಿ ಹುಟ್ಟುವುದಾದರೆ ಅದರ ಮುಂದೆ ಯಾವ ಪ್ರಶ್ನೆಗಳು ಇರಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪರಿಶೀಲನೆಗೆ ಸೇಡಂ ತಾಲೂಕಿನ ಮಳಖೇಡ, ಕೋಡ್ಲಾ, ಮುಧೋಳಗಳನ್ನು ಒಳಗೊಂಡ ಪ್ರದೇಶವನ್ನು ನೆಲೆಯಾಗಿ ಆಯ್ದುಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಕಾವ್ಯವನ್ನೂ ಸಂಗೀತವನ್ನೂ ಗಣಿಸಬಹುದು ಎಂಬ ಮಾತು ಈ ನೆಲವನ್ನು ರಾಜಧಾನಿಯಾಗಿ ಹೊಂದಿದ್ದ ಅರಸನ ಕಾಲದಲ್ಲಿಯೇ ಬರಹಕ್ಕಿಳಿಯಿತು ಎಂಬುದು ಮೊದಲನೆಯದು. ಗಣನೆಗೆ ಸುಲಭವಾಗಿ ಸಿಕ್ಕದ ಹಾಡುಗಾರಿಕೆಯೊಂದು ಇದೇ ಸೀಮೆಯಲ್ಲಿ ಬಾಯಿಂದ ಬಾಯಿಗೆ ಸಾಗಿಬಂದಿದೆ ಎಂಬುದು ಎರಡನೆಯದು.

2. ಮಾನ್ಯಖೇಟ: ಮಾರ್ಗ ಮತ್ತು ಗಣಿತ

ಕಾಗಿಣಾ ನದಿಯ ದಂಡೆಯ ಮೇಲಿರುವ ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ಅಮೋಘವರ್ಷ ನೃಪತುಂಗನ ದೀರ್ಘವಾದ ಆಳ್ವಿಕೆಯಲ್ಲಿ ರಚಿತವಾದ ಎರಡು ಗ್ರಂಥಗಳು ನಮ್ಮ ಚರ್ಚೆಗೆ ಮುಖ್ಯವಾಗುತ್ತವೆ. ‘ಕವಿರಾಜಮಾರ್ಗ’ ಕನ್ನಡ ವಿದ್ವಾಂಸರಿಗೆ ಚಿರಪರಿಚಿತ. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಕನ್ನಡ ವಿಭಾಗಗಳಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಸಂಸ್ಕೃತ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಸಂಪಾದಿಸಿ ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಮಹಾವೀರಾಚಾರ್ಯನು ಗ್ರಂಥದ ಆರಂಭದಲ್ಲಿ ಗಣಿತದ ಪ್ರಶಂಸೆ ಮಾಡುತ್ತಾನೆ. ಅಲ್ಲಿ ಅವನು ಗಣಿತವು ಉಪಯುಕ್ತವಾಗುವ ಕ್ಷೇತ್ರಗಳನ್ನು ಪಟ್ಟಿಮಾಡುವಾಗ ಅರ್ಥಶಾಸ್ತ್ರ, ವೈದ್ಯ, ವಾಸ್ತುಗಳ ಜೊತೆಯಲ್ಲಿಯೇ ಗಾಂಧರ್ವವನ್ನೂ ನಾಟಕವನ್ನೂ ಛಂದಸ್ಸು, ಅಲಂಕಾರ, ಕಾವ್ಯಗಳನ್ನೂ ಹೆಸರಿಸುತ್ತಾನೆ. ಗಾಂಧರ್ವವೆಂದರೆ ಸಂಗೀತ. ಸಂಗೀತವೂ ಕಾವ್ಯವೂ ಗಣಿತದ ವ್ಯಾಪ್ತಿಗೆ ಒಳಪಡುತ್ತವೆ ಎಂಬ ಈ ಮಾತನ್ನು ಅಲಂಕಾರದ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಅದೇ ಗ್ರಂಥದಲ್ಲಿ ಕೊಟ್ಟಿರುವ ವಸ್ತುಗಳಿಂದ ಬೇಕಾದಷ್ಟನ್ನು ಆಯ್ದು ಜೋಡಿಸುವ ವಿಧಗಳ ಸಂಖ್ಯೆಯನ್ನು ಕಂಡುಹಿಡಿಯುವ ಸಾಮಾನ್ಯ ಸೂತ್ರವಿದೆ. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ ಬೆರೆಸುತ್ತ ಹೋದರೆ ಕ್ರಮವಾಗಿ 6, 15, 20, 15, 6, 1 ಹೀಗೆ ಒಟ್ಟು 63 ಬಗೆಗಳಾಗುತ್ತವೆ. ಛಂದಸ್ಸಿನ ಪ್ರಸ್ತಾರದ ಲೆಕ್ಕವೂ ಅಲ್ಲಿ ಬರುತ್ತದೆ.

‘ಕವಿರಾಜಮಾರ್ಗ’ವು ಇದೇ ಕಾಲದಲ್ಲಿ ಬೇರೆಯೊಂದು ಕೆಲಸ ಮಾಡುತ್ತಿತ್ತು. ದೋಷಗಳನ್ನು ಗುರುತಿಸುವುದು, ಅಲಂಕಾರಗಳನ್ನು ವಿಂಗಡಿಸುವುದು, ಪ್ರಯೋಗಗಳನ್ನು ಒಪ್ಪುವುದು ಅಥವಾ ತಿದ್ದುವುದು ಅದರ ಸ್ವರೂಪ. ಒಂದರ್ಥದಲ್ಲಿ ಇದೂ ನಿಯಮಗಳ ಗ್ರಂಥವೇ. ಆದರೆ ನಿಯಮಗಳನ್ನು ವಿಧಿಸುವ ಈ ಕೃತಿಯೇ ತನ್ನ ನಿಯಮಗಳ ಮಿತಿಯನ್ನು ಎರಡು ಕಡೆ ಒಪ್ಪಿಕೊಳ್ಳುತ್ತದೆ. ಈ ನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬುದು ಮೊದಲನೆಯ ಒಪ್ಪಿಗೆ. ದೇಸಿಗಳು ಬೇರೆಬೇರೆಯಾಗಿರುವುದರಿಂದ ಕನ್ನಡಗಳ ದೋಷಗಳನ್ನೆಲ್ಲ ಎಣಿಸಹೊರಟರೆ ವಾಸುಕಿಯೂ ಬೇಸತ್ತುಹೋದಾನು ಎಂಬುದು ಎರಡನೆಯದು. ಎಣಿಸುವ ವಿದ್ಯೆ ಮತ್ತು ಎಣಿಕೆಗೆ ಸಿಗದ ದೇಸಿ ಎಂಬ ಈ ಎರಡು ಅರಿವುಗಳು ಒಬ್ಬನೇ ಅರಸನ ಕಾಲದಲ್ಲಿ ಜೊತೆಜೊತೆಯಾಗಿ ಬರಹಕ್ಕಿಳಿದವು ಎಂಬುದು ಗಮನಾರ್ಹ. ಗಾನಯಂತ್ರದ ಪ್ರಶ್ನೆಯನ್ನು ನಾವು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಅದರ ಎರಡೂ ತುದಿಗಳು ನಮ್ಮಲ್ಲಿಯೇ ಇವೆ.

3. ಪ್ರಸ್ತಾರ: ಯಂತ್ರಕ್ಕೆ ಮುಂಚಿನ ಯಾಂತ್ರಿಕತೆ

ಛಂದಸ್ಸನ್ನು ಬೋಧಿಸುವ ಅಧ್ಯಾಪಕರಿಗೆ ಪ್ರಸ್ತಾರ ಹೊಸತಲ್ಲ. ಗುರು ಲಘುಗಳೆಂಬ ಎರಡೇ ಘಟಕಗಳಿಂದ ಮೂರು ಅಕ್ಷರಗಳಿಗೆ ಎಂಟು ಗಣಗಳು ಹುಟ್ಟುತ್ತವೆ. ಒಂದೊಂದು ಅಕ್ಷರ ಹೆಚ್ಚಿದಂತೆ ಸಂಖ್ಯೆ ಇಮ್ಮಡಿಸುತ್ತದೆ. ನಾಗವರ್ಮನ ‘ಛಂದೋಂಬುಧಿ’ಯಲ್ಲಿ ಷಟ್ಪ್ರತ್ಯಯಗಳ ನಿರೂಪಣೆಯಿದೆ. ಅವುಗಳಲ್ಲಿ ನಷ್ಟ ಮತ್ತು ಉದ್ದಿಷ್ಟ ಎಂಬ ಎರಡು ಇಲ್ಲಿ ಮುಖ್ಯ. ಪ್ರಸ್ತಾರದ ಇಂತಿಷ್ಟನೆಯ ರೂಪ ಯಾವುದು ಎಂದು ಕೇಳಿದರೆ ಇಡೀ ಪಟ್ಟಿಯನ್ನು ಬರೆಯದೆಯೇ ಆ ರೂಪವನ್ನು ಪಡೆಯುವುದು ನಷ್ಟ. ಒಂದು ರೂಪವನ್ನು ಕೊಟ್ಟರೆ ಅದು ಪಟ್ಟಿಯಲ್ಲಿ ಎಷ್ಟನೆಯದು ಎಂದು ಹೇಳುವುದು ಉದ್ದಿಷ್ಟ. ಇಂದಿನ ಗಣಕ ವಿಜ್ಞಾನಿಗೆ ಈ ವಿಧಾನ ತಕ್ಷಣ ಪರಿಚಿತವೆನಿಸುತ್ತದೆ.

ಇದೇ ತರ್ಕವು ಸಂಗೀತಶಾಸ್ತ್ರವನ್ನು ಪ್ರವೇಶಿಸಿದ ಬಗೆಯನ್ನು ದೇವಗಿರಿಯ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ಕಾಣಬಹುದು. ಹದಿಮೂರನೆಯ ಶತಮಾನದ ಈ ಗ್ರಂಥವು ಸ್ವರಗಳನ್ನು ಮರುಕಳಿಸದಂತೆ ಜೋಡಿಸಿದಾಗ ಆಗುವ ತಾನಗಳನ್ನು ಲೆಕ್ಕಹಾಕುತ್ತದೆ. ಮೂರು ಸ್ವರಗಳಿಗೆ 6, ನಾಲ್ಕಕ್ಕೆ 24, ಐದಕ್ಕೆ 120, ಆರಕ್ಕೆ 720, ಏಳಕ್ಕೆ 5040. ಖಂಡಮೇರು ಎಂಬ ಕೋಷ್ಟಕದ ನೆರವಿನಿಂದ ನಷ್ಟ ಮತ್ತು ಉದ್ದಿಷ್ಟ ತಾನಗಳನ್ನು ಕಂಡುಕೊಳ್ಳುವ ಕ್ರಮವೂ ಅಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಎರಡು ಮಧ್ಯಮಗಳಿಗೆ ಮೂವತ್ತಾರು ಮೂವತ್ತಾರರಂತೆ 72 ಮೇಳಗಳನ್ನು ಸಾಧಿಸಿದ್ದು ಇದೇ ಚಿಂತನೆಯ ಮುಂದುವರಿಕೆ.

ಆದರೆ ವೆಂಕಟಮಖಿಯೇ ಹೇಳುವಂತೆ ಅವನ ಕಾಲದಲ್ಲಿ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಉಳಿದ 53 ಸಾಧ್ಯತೆಗಳಾಗಿ ಕಾದಿದ್ದವು. ಮುಂದಿನ ವಾಗ್ಗೇಯಕಾರರು ಆ ಸಾಧ್ಯತೆಗಳಿಗೆ ಕೃತಿಗಳ ಮೂಲಕ ಜೀವ ತುಂಬಿದರು. ಲೆಕ್ಕವು ರಾಗವಿರಬಹುದಾದ ಸ್ಥಳವನ್ನು ತೋರಿಸುತ್ತದೆ. ರಾಗವನ್ನು ಅಲ್ಲಿ ವಾಸಕ್ಕೆ ಕರೆತರುವವನು ಹಾಡುಗಾರ. ಸಾಧ್ಯ ಮತ್ತು ಸಿದ್ಧಗಳ ನಡುವಣ ಈ ಅಂತರವೇ ಗಾನಯಂತ್ರವನ್ನು ಕುರಿತ ಎಲ್ಲ ಕಥನಗಳ ಮೂಲಭೂತ ಸಮಸ್ಯೆ ಎಂಬುದು ಈ ಲೇಖನದ ಪ್ರತಿಪಾದನೆ.

4. ಗಣಕದ ಸಂಗೀತ: ಲಕ್ಷಣದಿಂದ ಲಕ್ಷ್ಯಕ್ಕೆ

ಗಣಕಯಂತ್ರವು ಸಂಗೀತ ರಚಿಸಬಹುದು ಎಂಬ ಊಹೆ ಆ ಯಂತ್ರದಷ್ಟೇ ಹಳೆಯದು. ಚಾರ್ಲ್ಸ್ ಬ್ಯಾಬೇಜನ ಅನಲಿಟಿಕಲ್ ಎಂಜಿನ್ ಕುರಿತು 1843ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ ಏಡಾ ಲವ್‌ಲೇಸ್ ಸ್ವರಗಳ ಸಂಬಂಧಗಳನ್ನು ಯಂತ್ರಕ್ಕೆ ತಿಳಿಯುವಂತೆ ನಿರೂಪಿಸಿದರೆ ಅದು ಎಷ್ಟೇ ಸಂಕೀರ್ಣವಾದ ಸಂಗೀತವನ್ನಾದರೂ ರಚಿಸಬಲ್ಲುದು ಎಂದು ಊಹಿಸಿದ್ದಳು. ಅದೇ ಟಿಪ್ಪಣಿಗಳಲ್ಲಿ ಯಂತ್ರವು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲವೆಂದೂ ನಾವು ವಿಧಿಸಿದುದನ್ನಷ್ಟೇ ನೆರವೇರಿಸುವುದೆಂದೂ ಎಚ್ಚರಿಸಿದಳು.

1957ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ಲೆಜರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಇಲಿಯಾಕ್ ಗಣಕದಿಂದ ನಾಲ್ಕು ತಂತಿವಾದ್ಯಗಳ ರಚನೆಯೊಂದನ್ನು ಪೂರ್ಣಗೊಳಿಸಿದರು. ಗಣಕವು ಯಾದೃಚ್ಛಿಕವಾಗಿ ಸಂಖ್ಯೆಗಳನ್ನು ಹುಟ್ಟಿಸುವುದು, ಆ ಸಂಖ್ಯೆಗಳನ್ನು ಸ್ವರಗಳೆಂದು ಭಾವಿಸಿ ಪಾಶ್ಚಾತ್ಯ ಸಂಗೀತಶಾಸ್ತ್ರದ ನಿಯಮಗಳಿಗೆ ಒಡ್ಡುವುದು, ಒಪ್ಪದವನ್ನು ಕೈಬಿಡುವುದು ಅವರು ಅನುಸರಿಸಿದ ಮುಖ್ಯ ವಿಧಾನ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರಸ್ತಾರ ಮಾಡಿ ಲಕ್ಷಣಗ್ರಂಥದ ಜರಡಿ ಹಿಡಿದಂತೆ. 1980ರ ದಶಕದಲ್ಲಿ ಡೇವಿಡ್ ಕೋಪ್ ರೂಪಿಸಿದ ಕಾರ್ಯಕ್ರಮವು ಇನ್ನೊಂದು ದಾರಿ ಹಿಡಿಯಿತು. ಅದು ಒಬ್ಬ ಸಂಯೋಜಕನ ಕೃತಿಗಳನ್ನು ಬಿಡಿಸಿ, ಅವುಗಳ ಚಲನೆಯನ್ನು ಗುರುತಿಸಿ, ಅದೇ ಶೈಲಿಯಲ್ಲಿ ಹೊಸತನ್ನು ಜೋಡಿಸುತ್ತಿತ್ತು. 1997ರಲ್ಲಿ ಆರಿಗನ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ ಶ್ರೋತೃಗಳು ಆ ಕಾರ್ಯಕ್ರಮದ ರಚನೆಯನ್ನೇ ಬಾಖ್‌ನದೆಂದು ಭಾವಿಸಿದರು. ಮನುಷ್ಯ ಬರೆದ ರಚನೆಯನ್ನು ಯಂತ್ರದ್ದೆಂದರು.

ಇತ್ತೀಚಿನ ಗಣಕ ವ್ಯವಸ್ಥೆಗಳು ಇನ್ನೂ ಮುಂದೆ ಹೋಗಿವೆ. ಅವುಗಳಿಗೆ ಯಾರೂ ಸಂಗೀತಶಾಸ್ತ್ರವನ್ನು ಬೋಧಿಸುವುದಿಲ್ಲ. ಅಪಾರ ಪ್ರಮಾಣದ ಧ್ವನಿಮುದ್ರಣಗಳನ್ನು ಅವುಗಳಿಗೆ ಒದಗಿಸಲಾಗುತ್ತದೆ. ಯಾವುದರ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಅವು ತಾವೇ ಗ್ರಹಿಸುತ್ತವೆ. ಮೊದಲಿನ ಯಂತ್ರ ಲಕ್ಷಣದಿಂದ ಲಕ್ಷ್ಯವನ್ನು ಕಟ್ಟಿದರೆ ಈಗಿನದು ಲಕ್ಷ್ಯವನ್ನು ಮಾತ್ರ ಕಂಡು, ನಮಗೆ ಓದಲು ಬಾರದ ಲಕ್ಷಣವನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಕೆಲವು ಪದಗಳಲ್ಲಿ ಕೇಳಿದರೆ ಸಾಕು, ಸಾಹಿತ್ಯ, ವಾದ್ಯ, ಕಂಠಗಳೆಲ್ಲ ಇರುವ ಹಾಡನ್ನು ಒದಗಿಸುವ ಸುನೊ, ಯುಡಿಯೊ ಮುಂತಾದ ಸೇವೆಗಳು ಬಂದಿವೆ. 2024ರ ಜೂನ್ ತಿಂಗಳಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿಗಳು ತಮ್ಮ ಧ್ವನಿಮುದ್ರಣಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಈ ಎರಡರ ಮೇಲೆ ಮೊಕದ್ದಮೆ ಹೂಡಿದವು. ಅದೇ ವರ್ಷ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಹಾಡೊಂದಕ್ಕೆ ಎ.ಆರ್. ರೆಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ ಕಂಠವನ್ನು ಅವರ ಕುಟುಂಬದವರ ಒಪ್ಪಿಗೆಯೊಂದಿಗೆ ಕೃತಕವಾಗಿ ಮರುಸೃಷ್ಟಿಸಿದರು. ಕಾದಂಬರಿಕಾರರ ಕಲ್ಪನೆ ಹೀಗೆ ನ್ಯಾಯಾಲಯದ ಕಟಕಟೆಗೂ ಚಿತ್ರಮಂದಿರಕ್ಕೂ ಬಂದು ನಿಂತಿದೆ.

ನಮ್ಮ ಸಂಗೀತಲೋಕವು ಯಂತ್ರದೊಡನೆ ಈ ಮೊದಲೂ ಸೆಣಸಿದೆ. ಹಾರ್ಮೋನಿಯಂನ ಸ್ಥಿರ ಸ್ವರಗಳಲ್ಲಿ ಮೀಂಡ್ ಗಮಕಗಳು ಹೊಮ್ಮುವುದಿಲ್ಲವೆಂಬ ಆಕ್ಷೇಪದ ಹಿನ್ನೆಲೆಯಲ್ಲಿ ಆಕಾಶವಾಣಿಯು 1940ರಿಂದ 1971ರವರೆಗೆ ಆ ವಾದ್ಯವನ್ನು ಹೊರಗಿಟ್ಟಿತ್ತು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಮುಂದೆ ಎಲೆಕ್ಟ್ರಾನಿಕ್ ತಂಬೂರಿಯೂ ತಬಲವೂ ಮನೆಮನೆಯ ಅಭ್ಯಾಸಕ್ಕೆ ಒದಗಿದವು. ಶ್ರುತಿ ಹಿಡಿಯುವ, ತಾಳ ಕೊಡುವ ಯಂತ್ರವನ್ನು ನಾವು ಒಪ್ಪಿಕೊಂಡೆವು. ಅದು ಹಾಡುಗಾರನ ಪಕ್ಕದಲ್ಲಿ ಕೂತಿತ್ತು. ಹಾಡುಗಾರನ ಆಸನದಲ್ಲಿಯೇ ಕೂರುವ ಯಂತ್ರ ಬೇರೆಯದೇ ಪ್ರಶ್ನೆ.

5. ಕಥನದ ಪರೀಕ್ಷೆ: ಮೂರು ನಿದರ್ಶನಗಳು

ಈ ಪ್ರಶ್ನೆಯನ್ನು ಕಥನವು ಎದುರಿಸಿದ ಬಗೆಯನ್ನು ಮೂರು ಕೃತಿಗಳ ಮೂಲಕ ನೋಡಬಹುದು.

ಮೊದಲನೆಯದು ಪೋಲೆಂಡಿನ ಸ್ತಾನಿಸ್ಲಾವ್ ಲೆಮ್‌ನ ‘ಸೈಬೀರಿಯಾಡ್’ (1965). ಅದರ ಒಂದು ಕಥೆಯಲ್ಲಿ ಟ್ರುರ್ಲ್ ಎಂಬ ಯಂತ್ರನಿರ್ಮಾಪಕನು ಕವಿತೆ ಕಟ್ಟುವ ಯಂತ್ರವನ್ನು ಮಾಡಹೊರಡುತ್ತಾನೆ. ಕವಿಯ ತಲೆಯಲ್ಲಿರುವ ಕಾರ್ಯಕ್ರಮವನ್ನು ಬರೆದದ್ದು ಅವನು ಹುಟ್ಟಿದ ನಾಗರಿಕತೆ. ಆ ನಾಗರಿಕತೆಯನ್ನು ರೂಪಿಸಿದ್ದು ಅದಕ್ಕೂ ಹಿಂದಿನದು ಎಂದು ಅವನಿಗೆ ಹೊಳೆಯುತ್ತದೆ. ಆದ್ದರಿಂದ ಒಬ್ಬ ಕವಿಯನ್ನು ಮಾಡಲು ಅವನು ಸೃಷ್ಟಿಯ ಆರಂಭದಿಂದ ಇಡೀ ಚರಿತ್ರೆಯನ್ನು ಯಂತ್ರದೊಳಗೆ ಮರಳಿ ನಡೆಸಬೇಕಾಗುತ್ತದೆ. ಹಾಸ್ಯದ ಧಾಟಿಯಲ್ಲಿರುವ ಈ ಕಥೆ ಗಂಭೀರವಾದ ಒಂದು ಸಿದ್ಧಾಂತವನ್ನು ಮಂಡಿಸುತ್ತದೆ. ಕಲೆ ಒಬ್ಬನ ಕೌಶಲವಲ್ಲ, ಪರಂಪರೆಯ ಸಂಚಯ ಎಂಬುದೇ ಅದು.

ಎರಡನೆಯದು ಆರ್ಥರ್ ಸಿ. ಕ್ಲಾರ್ಕ್ ಮತ್ತು ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ (1968). ಅದರ ಚಲನಚಿತ್ರ ರೂಪದಲ್ಲಿ ಹ್ಯಾಲ್ ಎಂಬ ಗಣಕದ ಸ್ಮೃತಿಯನ್ನು ಒಂದೊಂದಾಗಿ ಕಳಚುತ್ತ ಹೋದಾಗ ಅದು ತಾನು ಮೊದಲು ಕಲಿತ ಹಾಡನ್ನು ಹಾಡುತ್ತ ಮೌನವಾಗುತ್ತದೆ. ಆ ಹಾಡಿನ ಆಯ್ಕೆಗೆ ಚಾರಿತ್ರಿಕ ಆಧಾರವಿದೆ. ‘ಡೈಸಿ ಬೆಲ್’ ಎಂಬ ಆ ಹಾಡನ್ನು 1961ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಗಣಕವೊಂದು ಕೃತಕ ಕಂಠದಲ್ಲಿ ಹಾಡಿತ್ತು. ಕ್ಲಾರ್ಕ್ ಅದನ್ನು ಅಲ್ಲಿಯೇ ಕೇಳಿದ್ದನು. ಪ್ರೇಕ್ಷಕನ ಕರುಣೆಯನ್ನು ಇಲ್ಲಿ ಸೆಳೆಯುವುದು ಯಂತ್ರದ ಗಾನಕೌಶಲವಲ್ಲ. ಕಲಿಸಿದವನ ನೆನಪು ಮತ್ತು ಅಳಿವಿನ ಸಾಮೀಪ್ಯ ಇವೆರಡೂ ಸೇರಿದಾಗ ಬೇಸೂರಾದ ಹಾಡೂ ಹೃದಯವನ್ನು ತಟ್ಟುತ್ತದೆ.

ಮೂರನೆಯದು ವಿಲಿಯಂ ಗಿಬ್ಸನ್‌ನ ‘ಇಡೋರು’ (1996). ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರದ ಕಾದಂಬರಿ ಇದು. ಭೂಕಂಪದ ನಂತರದ ಟೋಕಿಯೊ ಇದರ ರಂಗಸ್ಥಳ. ರೇ ತೋಯಿ ದೇಹವಿಲ್ಲದ, ಗಣಕದೊಳಗೆ ಮಾತ್ರ ಇರುವ ಜನಪ್ರಿಯ ಗಾಯಕಿ. ರೆಜ಼್ ಎಂಬ ನಿಜವಾದ ಗಾಯಕನು ಅವಳನ್ನು ಮದುವೆಯಾಗುವೆನೆಂದು ಘೋಷಿಸಿದ್ದಾನೆಂಬ ವದಂತಿಯಿಂದ ಕಥೆ ಹೊರಳುತ್ತದೆ. ಅದರ ಸತ್ಯಾಸತ್ಯತೆಯನ್ನು ತಿಳಿಯಲು ಸಿಯಾಟಲ್ ನಗರದಿಂದ ಹೊರಟ ಅಭಿಮಾನಿ ಹುಡುಗಿಯೊಬ್ಬಳು, ಮಾಹಿತಿಯ ರಾಶಿಯಲ್ಲಿ ಅಡಗಿದ ವಿನ್ಯಾಸಗಳನ್ನು ಗುರುತಿಸುವ ಶಕ್ತಿಯುಳ್ಳ ಲೇನಿ ಎಂಬ ಯುವಕ ಇವರಿಬ್ಬರ ಕಣ್ಣಿನಿಂದ ಕಾದಂಬರಿ ಸಾಗುತ್ತದೆ. ಗಿಬ್ಸನ್ ಇಲ್ಲಿ ಯಂತ್ರ ಹಾಡಬಲ್ಲುದೇ ಎಂದು ಕೇಳುವುದಿಲ್ಲ. ಅದನ್ನು ಸಿದ್ಧವೆಂದು ಒಪ್ಪಿಕೊಂಡು, ಜನ ಅದಕ್ಕೆ ಏಕೆ ಮರುಳಾಗುತ್ತಾರೆ ಎಂದು ಕೇಳುತ್ತಾನೆ. ಗಾಯಕಿಯು ಅಸಂಖ್ಯ ಜನರ ಬಯಕೆಗಳ ಮೊತ್ತ. ಲೇನಿಯು ಅವಳನ್ನು ನೋಡುವಾಗ ಅವಳ ಹಿಂದಿರುವ ಮಾಹಿತಿಯ ರಾಶಿಯನ್ನೇ ನೋಡುತ್ತಾನೆ. ಕೃತಿ ಬಂದ ಹನ್ನೊಂದು ವರ್ಷಗಳ ನಂತರ, 2007ರಲ್ಲಿ, ಜಪಾನಿನಲ್ಲಿ ಹತ್ಸುನೆ ಮಿಕು ಎಂಬ ಕೃತಕ ಕಂಠದ ತಂತ್ರಾಂಶ ಬಿಡುಗಡೆಯಾಗಿ, ಆ ಹೆಸರಿನ ಚಿತ್ರರೂಪದ ಗಾಯಕಿಗೆ ಸಭಾಂಗಣಗಳು ತುಂಬಿದವು.

ಲೆಮ್ ಪರಂಪರೆಯನ್ನು, ಕ್ಲಾರ್ಕ್ ಮತ್ತು ಕ್ಯೂಬ್ರಿಕ್ ನೆನಪನ್ನು, ಗಿಬ್ಸನ್ ಶ್ರೋತೃವನ್ನು ಮುಂದಿಡುತ್ತಾರೆ. ಯಂತ್ರದ ಸಾಮರ್ಥ್ಯವು ಈ ಮೂವರಿಗೂ ಕೇವಲ ನಿಮಿತ್ತ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಒಳ್ಳೆಯ ವಿಜ್ಞಾನ ಕಥನವು ಯಂತ್ರವನ್ನು ಮುಂದಿಟ್ಟು ಮನುಷ್ಯನನ್ನು ಪರೀಕ್ಷಿಸುತ್ತದೆ.

6. ಕನ್ನಡ ಕಾದಂಬರಿಯ ಎರಡು ಪ್ರಶ್ನೆಗಳು

ಈ ಹಿನ್ನೆಲೆಯಲ್ಲಿ ನಮ್ಮ ಸಂಗೀತ ಕಾದಂಬರಿಗಳನ್ನು ಮತ್ತೆ ಓದಿದರೆ ಗಾನಯಂತ್ರದ ಪ್ರಶ್ನೆಗಳು ಅಲ್ಲಿ ಬೀಜರೂಪದಲ್ಲಿ ಇರುವುದು ಕಾಣುತ್ತದೆ.

‘ಹಂಸಗೀತೆ’ಯ ನಾಯಕ ಭೈರವಿ ವೆಂಕಟಸುಬ್ಬಯ್ಯ. ಒಂದು ರಾಗವೇ ತನ್ನ ಹೆಸರಿಗೆ ಅಂಟಿಕೊಳ್ಳುವಷ್ಟು ಅದರಲ್ಲಿ ಮುಳುಗಿದ ಗಾಯಕ. ಆಳುವವನ ಮುಂದೆ ಹಾಡಲೇಬೇಕಾದ ಒತ್ತಡ ಬಂದಾಗ ಅವನು ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುವ ಪ್ರಸಂಗವು ಕನ್ನಡ ಓದುಗರ ಮನಸ್ಸಿನಲ್ಲಿ ಉಳಿದಿದೆ. 1975ರಲ್ಲಿ ಜಿ.ವಿ. ಅಯ್ಯರ್ ಅವರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಕಲಾವಿದನ ಸ್ವಾಭಿಮಾನ ಅಥವಾ ಭಕ್ತಿಯ ಪರಾಕಾಷ್ಠೆ ಎಂದು ವ್ಯಾಖ್ಯಾನಿಸಲಾಗುತ್ತದೆ. ಗಾನಯಂತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೊಂದು ಅರ್ಥ ತೆರೆದುಕೊಳ್ಳುತ್ತದೆ. ಹಾಡಲು ಬಲ್ಲವನು ಹಾಡದಿರಲೂ ಬಲ್ಲ. ಅವನ ಹಾಡಿಗೆ ಬೆಲೆ ಬರುವುದು ಅವನ ನಿರಾಕರಣೆಯ ಸಾಧ್ಯತೆಯಿಂದ. ಕೇಳಿದ ಕ್ಷಣದಲ್ಲಿ ಕೇಳಿದ್ದನ್ನು ಹಾಡುವ ಯಂತ್ರಕ್ಕೆ ಕತ್ತರಿಸಿಕೊಳ್ಳಲು ನಾಲಗೆಯಿಲ್ಲ. ಅಂಥ ಯಂತ್ರಕ್ಕೆ ‘ಹಾಡಲಾರೆ’ ಎನ್ನುವ ಅಧಿಕಾರ ಬಂದಾಗ ಏನಾಗುತ್ತದೆ ಎಂಬುದು ಕನ್ನಡ ಕಾದಂಬರಿಯೊಂದು ಎತ್ತಿಕೊಳ್ಳಬಹುದಾದ ಪ್ರಶ್ನೆ.

2010ರ ಸರಸ್ವತಿ ಸಮ್ಮಾನಕ್ಕೆ ಪಾತ್ರವಾದ ‘ಮಂದ್ರ’ದ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಅದರ ನಾಯಕ ಮೋಹನಲಾಲ ಹಿಂದೂಸ್ತಾನಿ ಸಂಗೀತದ ಅಸಾಮಾನ್ಯ ಪ್ರತಿಭೆ. ಆದರೆ ಬದುಕಿನಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳೊಂದಿಗಿನ ನಡವಳಿಕೆಯಲ್ಲಿ, ಅವನು ಯಾವ ಹೊಣೆಯನ್ನೂ ಹೊರದವನು. ಗಾಯಕನ ಬದುಕು ಮಲಿನವಾಗಿದ್ದರೂ ಗಾನವು ಪರಿಶುದ್ಧವಾಗಿರಬಹುದೇ ಎಂಬುದು ಈ ಕಾದಂಬರಿ ನಮ್ಮನ್ನು ಕಾಡಿಸುವ ಸಮಸ್ಯೆ. ಇದಕ್ಕೆ ಓದುಗರು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತಾರೆ. ಕಲೆಯು ಕಲಾವಿದನ ಬದುಕಿನಿಂದ ಸ್ವತಂತ್ರವಾದುದು ಎನ್ನುವವರು ಕೆಲವರು. ಬದುಕಿನ ಒಡಕು ಕೊನೆಗೆ ಕಲೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ ಎನ್ನುವವರು ಇನ್ನು ಕೆಲವರು.

ಈ ವಾದವನ್ನು ತಾರ್ಕಿಕ ಅಂತ್ಯಕ್ಕೆ ಒಯ್ದರೆ ಎದುರಾಗುವುದೇ ಗಾನಯಂತ್ರ. ಗಾನವು ಗಾಯಕನ ಬದುಕಿನಿಂದ ಸಂಪೂರ್ಣ ಸ್ವತಂತ್ರವಾಗಿದ್ದರೆ ಬದುಕೇ ಇಲ್ಲದ ಯಂತ್ರದ ಗಾನವನ್ನು ಎರಡನೆಯ ದರ್ಜೆಯದೆಂದು ಕರೆಯಲು ನಮಗೆ ಆಧಾರ ಉಳಿಯುವುದಿಲ್ಲ. ಯಂತ್ರದ ಗಾನದಲ್ಲಿ ಏನೋ ಕೊರತೆಯಿದೆ ಎನ್ನುವುದಾದರೆ ಬದುಕಿಗೂ ಗಾನಕ್ಕೂ ಸಂಬಂಧವಿದೆ ಎಂದು ಒಪ್ಪಬೇಕಾಗುತ್ತದೆ. ಆಗ ಮೋಹನಲಾಲನನ್ನು ಅವನ ಗಾನದ ಹೆಸರಿನಲ್ಲಿ ಮನ್ನಿಸುವುದು ಕಷ್ಟವಾಗುತ್ತದೆ. ಮೋಹನಲಾಲನನ್ನು ಮನ್ನಿಸಿ ಯಂತ್ರವನ್ನು ತಿರಸ್ಕರಿಸುವವನು ನಡುವೆ ಇನ್ನೊಂದು ಭೇದವನ್ನು ತೋರಿಸಬೇಕು. ಕೆಟ್ಟ ಬದುಕೂ ಬದುಕೇ, ಅದರಲ್ಲಿ ಹಸಿವು, ಭಯ, ಪಶ್ಚಾತ್ತಾಪದ ಸಾಧ್ಯತೆಗಳಾದರೂ ಇವೆ ಎಂಬುದೇ ಆ ಭೇದವಿರಬಹುದು. ‘ಮಂದ್ರ’ವನ್ನು ಬೋಧಿಸುವ ತರಗತಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದರೆ ನೀತಿಯ ಚರ್ಚೆಯು ಕಲೆಯ ಸ್ವರೂಪದ ಚರ್ಚೆಯಾಗಿ ಬೆಳೆಯುತ್ತದೆ.

7. ಅಂಕಿತದ ಪ್ರಶ್ನೆ

ಇಲ್ಲಿಯವರೆಗಿನ ಚರ್ಚೆ ಮಾರ್ಗದ ನೆಲೆಯದು. ದೇಸಿಯ ನೆಲೆಯಿಂದ ನೋಡಿದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ.

ಕಲಬುರಗಿ ಸೀಮೆಯು ತತ್ವಪದಗಳ ಸೀಮೆ. ಕಡಕೋಳ ಮಡಿವಾಳಪ್ಪ, ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಬ ಮೊದಲಾದವರ ಪದಗಳು ಜಾತಿ ಮತಗಳ ಗಡಿಯನ್ನು ದಾಟಿ ಹಾಡುಗಳಾಗಿ ಉಳಿದುಬಂದಿವೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳು ಕನ್ನಡದ ಜೊತೆಗೆ ತೆಲುಗು, ದಖನಿ ಉರ್ದು, ಲಂಬಾಣಿ ಭಾಷೆಗಳು ಬೆರೆಯುವ ಗಡಿಸೀಮೆ. ಸುಣ್ಣದಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಈ ನೆಲದ ದಿನಚರಿಯನ್ನು ಬದಲಿಸಿವೆ. ಇಂಥ ಕಡೆ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಏಳುವ ಭಜನೆಯ ಧಾಟಿ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಒಂದೇ ಪದವನ್ನು ಎರಡು ಮೇಳಗಳು ಎರಡು ಬಗೆಯಾಗಿ ಎತ್ತಿಕೊಳ್ಳುತ್ತವೆ. ಯಾವುದು ಮೂಲ, ಯಾವುದು ಪಾಠಾಂತರ ಎಂಬ ಗ್ರಂಥಸಂಪಾದನೆಯ ಪ್ರಶ್ನೆ ಇಲ್ಲಿ ಸಲ್ಲುವುದಿಲ್ಲ.

ತತ್ವಪದಗಳ ಪಠ್ಯಗಳು ಸಂಪುಟಗಳಾಗಿ ಮುದ್ರಣಗೊಂಡಿವೆ. ಇದು ಸ್ತುತ್ಯ ಕಾರ್ಯ. ಆದರೆ ಮುದ್ರಣದಲ್ಲಿ ಧಾಟಿ ಬರುವುದಿಲ್ಲ. ಧಾಟಿ ಇರುವುದು ಹಾಡುವವರ ಕಂಠದಲ್ಲಿ. ಕ್ಷೇತ್ರಕಾರ್ಯ ಮಾಡಿದ ಸಂಶೋಧಕರ ಕ್ಯಾಸೆಟ್ಟುಗಳಲ್ಲಿ ಅದರ ಒಂದು ಭಾಗ ಉಳಿದಿರಬಹುದು. ಗಾನಯಂತ್ರದ ಪ್ರಶ್ನೆ ನಮ್ಮ ವಿಭಾಗಗಳನ್ನು ನೇರವಾಗಿ ತಟ್ಟುವುದು ಇಲ್ಲಿಯೇ. ಲಕ್ಷ್ಯದಿಂದ ಕಲಿಯುವ ಯಂತ್ರಕ್ಕೆ ಒದಗಿದ ಲಕ್ಷ್ಯವೇ ಪ್ರಪಂಚ. ಅದಕ್ಕೆ ಸಿಕ್ಕಿರುವುದು ಚಲನಚಿತ್ರಗೀತೆ ಮಾತ್ರವಾದರೆ ‘ಕನ್ನಡದ ಭಕ್ತಿಗೀತೆಯೊಂದನ್ನು ಹಾಡು’ ಎಂ‌ದಾಗ ಅದು ಚಲನಚಿತ್ರದ ಧಾಟಿಯಲ್ಲಿಯೇ ಹಾಡುತ್ತದೆ. ಸಿಗದೆ ಹೋದ ದೇಸಿ ಅದರ ಪಾಲಿಗೆ ಇಲ್ಲವೇ ಇಲ್ಲ. ಕೇಳುವ ಹೊಸ ತಲೆಮಾರಿಗೂ ಕ್ರಮೇಣ ಅದು ಇಲ್ಲವಾಗುತ್ತದೆ. ವಾಸುಕಿ ಬೇಸತ್ತಾನೆಂದು ‘ಕವಿರಾಜಮಾರ್ಗ’ ಹೇಳಿತು. ಬೇಸರವೆಂಬುದೇ ಇಲ್ಲದ ಈ ಹೊಸ ವಾಸುಕಿ ತನಗೆ ಕೇಳಿಸದ್ದನ್ನು ಇಲ್ಲವೆಂದೇ ಭಾವಿಸುತ್ತಾನೆ.

ಹಾಗಾದರೆ ಇರುವ ಧ್ವನಿಮುದ್ರಣಗಳನ್ನೆಲ್ಲ ಯಂತ್ರಕ್ಕೆ ಉಣಿಸಿಬಿಡುವುದೇ ಪರಿಹಾರವೇ? ಅಲ್ಲಿಯೂ ಒಂದು ತೊಡಕಿದೆ. ವಚನಕ್ಕೆ ಇರುವಂತೆ ತತ್ವಪದಕ್ಕೂ ಅಂಕಿತವಿದೆ. ಹಾಡಿನ ಕೊನೆಯಲ್ಲಿ ಬರುವ ಅಂಕಿತವು ಹಕ್ಕುಸ್ವಾಮ್ಯದ ಮುದ್ರೆಯಲ್ಲ. ಬಹಳ ಸಲ ಅದು ರಚಿಸಿದವನ ಹೆಸರೂ ಅಲ್ಲ. ಅವನ ಗುರುವಿನ ಅಥವಾ ಇಷ್ಟದೈವದ ಹೆಸರು. ಹಾಡುಗಾರನು ಅಂಕಿತವನ್ನು ಉಚ್ಚರಿಸುವಾಗ ಈ ಮಾತು ತನಗೆ ಯಾರಿಂದ ಬಂತು ಎಂಬ ಋಣವನ್ನು ಒಪ್ಪಿಕೊಳ್ಳುತ್ತಾನೆ. ಯಂತ್ರವು ಸಾವಿರಾರು ಕಂಠಗಳಿಂದ ಕಲಿತು ಹಾಡುವ ಹಾಡಿನಲ್ಲಿ ಅಂಕಿತಕ್ಕೆ ಸ್ಥಾನವಿಲ್ಲ. ಅದು ಅಂಕಿತದ ಅಕ್ಷರಗಳನ್ನು ಅನುಕರಿಸಬಲ್ಲುದು, ಋಣವನ್ನು ಒಪ್ಪಿಕೊಳ್ಳಲಾರದು. ಧ್ವನಿಮುದ್ರಣ ಕಂಪನಿಗಳು ನ್ಯಾಯಾಲಯದಲ್ಲಿ ಹಣದ ಭಾಷೆಯಲ್ಲಿ ಕೇಳಿದ ಪ್ರಶ್ನೆಯನ್ನು ನಮ್ಮ ಪರಂಪರೆ ಬಹಳ ಹಿಂದೆಯೇ ಋಣದ ಭಾಷೆಯಲ್ಲಿ ಕೇಳಿತ್ತು. ಕಂಪನಿಗಳ ಪರವಾಗಿ ವಾದಿಸಲು ವಕೀಲರಿದ್ದಾರೆ. ಕೋಡ್ಲಾದಂಥ ಊರಿನ ಭಜನಾಮೇಳದ ಹಾಡುಗಾರನ ಪರವಾಗಿ ಅವನ ಧ್ವನಿಯನ್ನು ಮುದ್ರಿಸಿಕೊಂಡು ಬಂದ ಸಂಶೋಧಕನೇ ನಿಲ್ಲಬೇಕು.

ಈ ಕಾರಣದಿಂದ ಕ್ಷೇತ್ರಕಾರ್ಯದ ಕ್ರಮವನ್ನು ಮರುಚಿಂತಿಸುವುದು ಅಗತ್ಯ. ಪ್ರತಿ ಧ್ವನಿಮುದ್ರಣದೊಡನೆ ಹಾಡಿದವರ ಹೆಸರು, ಊರು, ಕಲಿಸಿದವರ ಹೆಸರು, ಹಾಡಿದ ಸಂದರ್ಭಗಳನ್ನು ದಾಖಲಿಸಬೇಕು. ಸಂಶೋಧನೆಗೆಂದು ಪಡೆದ ಒಪ್ಪಿಗೆಯು ಯಂತ್ರಕ್ಕೆ ಉಣಿಸುವ ಒಪ್ಪಿಗೆಯಲ್ಲ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ಕ್ಯಾಸೆಟ್ಟುಗಳನ್ನು ಅಳಿಯುವ ಮುನ್ನ ಡಿಜಿಟಲ್ ರೂಪಕ್ಕೆ ತರಬೇಕು. ಹಾಗೆ ತಂದದ್ದರ ಒಂದು ಪ್ರತಿ ಹಾಡಿದವರ ಮನೆಗೂ ಹೋಗಬೇಕು. ಇವು ತಾಂತ್ರಿಕ ವಿವರಗಳಂತೆ ತೋರಿದರೂ ಅಂಕಿತವನ್ನು ಹಾಡಿನಿಂದ ಬೇರ್ಪಡಿಸದೆ ಉಳಿಸಿಕೊಳ್ಳುವ ದಾರಿಗಳು.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಂಗೀತವನ್ನು ಗಣಿಸುವ ಚಿಂತನೆಯು ಕನ್ನಡ ನೆಲಕ್ಕೆ ಪರಕೀಯವಲ್ಲ. ಮಹಾವೀರಾಚಾರ್ಯನಿಂದ ವೆಂಕಟಮಖಿಯವರೆಗೆ ಅದಕ್ಕೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯೇ ಸಾಧ್ಯತೆಗಳ ಪಟ್ಟಿಯೂ ಜೀವಂತ ರಾಗವೂ ಒಂದಲ್ಲ ಎಂಬ ವಿವೇಕವನ್ನೂ ಒಳಗೊಂಡಿದೆ. ಗಾನಯಂತ್ರವನ್ನು ಕುರಿತ ಮಹತ್ವದ ಕಥನಗಳು ಯಂತ್ರದ ಸಾಮರ್ಥ್ಯಕ್ಕಿಂತ ಪರಂಪರೆ, ನೆನಪು, ಶ್ರೋತೃ ಎಂಬ ಮಾನುಷ ಸಂಗತಿಗಳಿಗೆ ಒತ್ತುಕೊಡುತ್ತವೆ. ಇವುಗಳ ಜೊತೆಗೆ ‘ಹಂಸಗೀತೆ’ಯಿಂದ ನಿರಾಕರಣೆಯ ಪ್ರಶ್ನೆಯನ್ನೂ ‘ಮಂದ್ರ’ದಿಂದ ಬದುಕು ಮತ್ತು ಗಾನಗಳ ಸಂಬಂಧದ ಪ್ರಶ್ನೆಯನ್ನೂ ತತ್ವಪದಗಳಿಂದ ಅಂಕಿತದ ಪ್ರಶ್ನೆಯನ್ನೂ ಕನ್ನಡವು ಸೇರಿಸಬಲ್ಲುದು.

ಈ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಹೊತ್ತ ಕನ್ನಡದ ವಿಜ್ಞಾನ ಕಾದಂಬರಿಯೊಂದು ಟೋಕಿಯೊದಲ್ಲಿಯೋ ಬಾಹ್ಯಾಕಾಶದಲ್ಲಿಯೋ ನಡೆಯಬೇಕಾಗಿಲ್ಲ. ಕಾಗಿಣಾ ದಂಡೆಯ ಒಂದು ಊರು, ಅಲ್ಲಿನ ಒಂದು ಭಜನಾಮೇಳ, ಮೇಳದ ಹಿರಿಯನು ತೀರಿಕೊಂಡ ಮೇಲೆ ಅವನ ಧ್ವನಿಯಲ್ಲಿ ಹಾಡುವ ಒಂದು ಯಂತ್ರ ಇಷ್ಟಿದ್ದರೆ ಸಾಕು. ಪದದ ಕೊನೆ ಬಂದಾಗ ಆ ಯಂತ್ರವು ಯಾರ ಅಂಕಿತವನ್ನು ಹೇಳಬೇಕು ಎಂಬಲ್ಲಿ ಕಥೆ ಆರಂಭವಾಗುತ್ತದೆ. ವಿಶೇಷವಾಗಿ ಓದದೆಯೂ ಪರಿಣತರಾದವರೆಂದು ‘ಕವಿರಾಜಮಾರ್ಗ’ವು ಗುರುತಿಸಿದ ಜನರ ನೆಲದಲ್ಲಿ, ಓದಿದ ರಾಶಿಯನ್ನಷ್ಟೇ ನೆಚ್ಚಿಕೊಂಡ ಯಂತ್ರವನ್ನು ಕುರಿತು ಬರೆಯುವ ಅವಕಾಶ ನಮ್ಮ ಲೇಖಕರ ಮುಂದಿದೆ. ಆ ಕೃತಿಗೆ ಬೇಕಾದ ಸಾಮಗ್ರಿಯನ್ನು ಋಣಸಮೇತ ಉಳಿಸಿಕೊಡುವುದು ಕನ್ನಡ ವಿಭಾಗಗಳ ಹೊಣೆ.